ಸಿ. ವಿ. ರಾಮನ್ ಮತ್ತು ರಚನಾವರ್ಣಗಳ ಅಧ್ಯಯನ

ಸರ್ ಚಂದ್ರಶೇಖರ ವೆಂಕಟ ರಾಮನ್ (7 ನವೆಂಬರ್ 1888 – 21 ನವೆಂಬರ್ 1970) ಭಾರತದ ಭೌತವಿಜ್ಞಾನಿ. 1930ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಇವರು ವಿಜ್ಞಾನ ವಿಭಾಗದಲ್ಲಿ ಆ ಗೌರವಕ್ಕೆ ಪಾತ್ರರಾದ ಮೊದಲ ಏಷ್ಯನ್ನರು. ಅವರ ಹೆಸರನ್ನೇ ಹೊತ್ತಿರುವ 'ರಾಮನ್ ಪರಿಣಾಮ' ಶಾಲಾ ಪಠ್ಯಗಳ ಮೂಲಕ ಎಲ್ಲರಿಗೂ ಪರಿಚಿತ. ಆದರೆ ಅವರ ಜೀವನದ ಕೊನೆಯ ಮೂವತ್ತೇಳು ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಆ ಅವಧಿಯ ಬಹುಪಾಲು ಶ್ರಮ ಪಕ್ಷಿಗಳ ಗರಿ, ಕಡಲಚಿಪ್ಪು, ಮುತ್ತು ಹಾಗೂ ರತ್ನಗಳಲ್ಲಿ ಕಾಣುವ ವರ್ಣಗಳ ಮೂಲವನ್ನು ಅರಿಯುವುದಕ್ಕೆ ಮೀಸಲಾಗಿತ್ತೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಇಂದು 'ರಚನಾವರ್ಣ' ಎಂದು ಕರೆಯಲಾಗುವ ವಿಷಯದಲ್ಲಿ ರಾಮನ್ ಅವರ ಕೆಲಸವನ್ನು, ಅವರ ಜೀವನದ ಹಿನ್ನೆಲೆಯಲ್ಲಿ, ಈ ಲೇಖನ ವಿವರಿಸುತ್ತದೆ.

ರಚನಾವರ್ಣ ಎಂದರೇನು

ಅರಿಶಿನದ ಹಳದಿ, ಎಲೆಯ ಹಸಿರು, ಕುಂಕುಮದ ಕೆಂಪು ಇವೆಲ್ಲ ವರ್ಣದ್ರವ್ಯಗಳಿಂದ ಬಂದ ಬಣ್ಣಗಳು. ಆ ದ್ರವ್ಯವು ಬಿಳಿಯ ಬೆಳಕಿನ ಕೆಲವು ಭಾಗಗಳನ್ನು ಹೀರಿಕೊಂಡು ಉಳಿದುದನ್ನು ಹೊರಕ್ಕೆ ಕಳುಹಿಸುತ್ತದೆ. ಅರಿಶಿನವನ್ನು ಎಷ್ಟು ನುಣ್ಣಗೆ ಅರೆದರೂ ಅದು ಹಳದಿಯಾಗಿಯೇ ಉಳಿಯುತ್ತದೆ. ನವಿಲುಗರಿಯ ಬಣ್ಣ ಹಾಗಲ್ಲ. ಗರಿಯನ್ನು ಕುಟ್ಟಿ ಪುಡಿ ಮಾಡಿದರೆ ದೊರೆಯುವುದು ಕಂದು ಬಣ್ಣದ ಪುಡಿ ಮಾತ್ರ. ನೀಲಿಯೂ ಇಲ್ಲ, ಹಸಿರೂ ಇಲ್ಲ. ಅಲ್ಲಿನ ಬಣ್ಣ ಯಾವುದೇ ದ್ರವ್ಯದ್ದಲ್ಲ, ದ್ರವ್ಯದ ಜೋಡಣೆಯದು. ಬೆಳಕಿನ ತರಂಗಾಂತರಕ್ಕೆ ಹತ್ತಿರವಾದ, ಎಂದರೆ ಮಿಲಿಮೀಟರಿನ ಕೆಲವು ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾದ ಅಂತರದಲ್ಲಿ ಪದರಗಳೋ ಕಣಗಳೋ ಕ್ರಮವಾಗಿ ಕುಳಿತಿದ್ದರೆ, ಅವುಗಳಿಂದ ಹಿಮ್ಮರಳುವ ತರಂಗಗಳು ಒಂದರೊಡನೊಂದು ಕೂಡಿ ಕೆಲವು ಬಣ್ಣಗಳನ್ನು ಬಲಪಡಿಸುತ್ತವೆ, ಕೆಲವನ್ನು ಅಳಿಸುತ್ತವೆ. ಇದಕ್ಕೆ ವ್ಯತಿಕರಣ ಎಂದು ಹೆಸರು. ಸೋಪಿನ ಗುಳ್ಳೆಯ ಮೇಲೆ, ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಹರಡಿದ ಎಣ್ಣೆಯ ಮೇಲೆ ಕಾಣುವ ಬಣ್ಣಗಳೂ ಇದೇ ಬಗೆಯವು. ನೋಡುವ ಕೋನ ಬದಲಾದಂತೆ ಇಂತಹ ಬಣ್ಣವೂ ಸಾಮಾನ್ಯವಾಗಿ ಬದಲಾಗುತ್ತದೆ.

ಈ ವಿಷಯ ರಾಮನ್ ಅವರಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಸೂಕ್ಷ್ಮದರ್ಶನದ ಗ್ರಂಥದಲ್ಲಿ, ನವಿಲುಗರಿಯನ್ನು ನೀರಿನಲ್ಲಿ ತೋಯಿಸಿದಾಗ ಅದರ ಬಣ್ಣ ಮಾಯವಾಗುವುದನ್ನು ದಾಖಲಿಸಿದ್ದನು. ನ್ಯೂಟನ್ ತೆಳುಪದರಗಳ ಬಣ್ಣಕ್ಕೆ ನವಿಲುಗರಿಯನ್ನು ಹೋಲಿಸಿದನು. ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವ್ಯತಿಕರಣದ ತತ್ತ್ವವನ್ನು ನೀಡಿದನು. ಹಾಗಿದ್ದರೂ ಜೀವಿಗಳ ಬಣ್ಣಗಳಿಗೆ ಅದನ್ನು ಅನ್ವಯಿಸುವ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿಯೂ ಒಮ್ಮತವಿರಲಿಲ್ಲ. ಬೆಳಕಿನ ವೇಗವನ್ನು ಅಳೆದು ಹೆಸರಾದ ಅಮೆರಿಕದ ಮೈಕೆಲ್ಸನ್ ಅವರು ಪಕ್ಷಿ ಮತ್ತು ಕೀಟಗಳ ಹೊಳಪು ಬಹುಪಾಲು ಲೋಹಗಳ ಹೊಳಪಿನಂತಹದು ಎಂಬ ಅಭಿಪ್ರಾಯದವರಾಗಿದ್ದರು. ಲಾರ್ಡ್ ರ‍್ಯಾಲೆ ಅವರು ವ್ಯತಿಕರಣದ ಪರವಾಗಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಜನಿಸಿದ್ದು ಅಂದಿನ ಮದರಾಸು ಪ್ರಾಂತ್ಯದ ತಿರುಚಿರಾಪಳ್ಳಿಯ ಬಳಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕ ವೃತ್ತಿ ದೊರೆತುದರಿಂದ ಬಾಲಕನ ವಿದ್ಯಾಭ್ಯಾಸ ಕಡಲ ತೀರದ ಆ ಊರಿನಲ್ಲಿ ಆಯಿತು. ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಪರೀಕ್ಷೆ ತೇರ್ಗಡೆಯಾದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು, 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಹದಿನೆಂಟು.

ಅಂದಿನ ಕಾಲದಲ್ಲಿ ಭಾರತೀಯನೊಬ್ಬನಿಗೆ ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಳ್ಳುವ ಅವಕಾಶ ಇರಲಿಲ್ಲವೆಂದೇ ಹೇಳಬೇಕು. 1907ರಲ್ಲಿ ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅದೇ ವರ್ಷ ಲೋಕಸುಂದರಿಯವರನ್ನು ವಿವಾಹವಾಗಿ, ಅಧಿಕಾರಿಯಾಗಿ ಕಲ್ಕತ್ತೆಗೆ ಹೊರಟರು.

ಕಲ್ಕತ್ತೆಯ ವರ್ಷಗಳು

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆಯಿತ್ತು. ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆಯೂ, ಕಚೇರಿ ಮುಗಿದ ನಂತರ ರಾತ್ರಿಯವರೆಗೂ ರಾಮನ್ ಅಲ್ಲಿನ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ಪಿಟೀಲು, ಮೃದಂಗ, ತಬಲಾಗಳ ನಾದವನ್ನು ಕುರಿತ ಅವರ ಹೆಸರಾಂತ ಅಧ್ಯಯನಗಳು ಈ ಕಾಲದವು. 1917ರಲ್ಲಿ ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕರಾದರು.

ಬಣ್ಣದ ಪ್ರಶ್ನೆ ಅವರನ್ನು ಬಲವಾಗಿ ಹಿಡಿದುಕೊಂಡಿದ್ದು 1921ರ ಕಡಲಯಾನದಲ್ಲಿ. ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಹೋಗಿ 'ನರ್ಕುಂಡಾ' ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರ ಗಮನವನ್ನು ಸೆಳೆಯಿತು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಫಲನ ಮಾತ್ರ ಎಂಬುದು ಲಾರ್ಡ್ ರ‍್ಯಾಲೆ ಅವರ ವಿವರಣೆಯಾಗಿತ್ತು. ಅದನ್ನು ಪ್ರಶ್ನಿಸುವವರು ವಿರಳವಾಗಿದ್ದರು. ರಾಮನ್ ಅವರ ಬಳಿ ಇದ್ದ ಉಪಕರಣವೆಂದರೆ ನಿಕಲ್ ಪಟ್ಟಕ ಎಂಬ, ಬೆಳಕಿನ ಧ್ರುವೀಕರಣವನ್ನು ಪರೀಕ್ಷಿಸುವ ಚಿಕ್ಕ ಹರಳು. ಒಂದು ನಿರ್ದಿಷ್ಟ ಕೋನದಲ್ಲಿ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಈ ಹರಳಿನಿಂದ ಪೂರ್ಣವಾಗಿ ತಡೆಯಬಹುದು. ಹಾಗೆ ತಡೆದು ನೋಡಿದಾಗ ಕಡಲಿನ ನೀಲಿ ಅಳಿಯಬೇಕಿತ್ತು. ಅಳಿಯಲಿಲ್ಲ, ಮತ್ತಷ್ಟು ಗಾಢವಾಯಿತು. ಆಕಾಶದ ಪ್ರತಿಬಿಂಬವು ಕಡಲಿನ ಸ್ವಂತ ಬಣ್ಣವನ್ನು ಮರೆಮಾಡುತ್ತಿತ್ತೇ ಹೊರತು ಅದನ್ನು ಉಂಟುಮಾಡುತ್ತಿರಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ರಾಮನ್ ತೀರ್ಮಾನಿಸಿದರು. (ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ.)

ಈ ಪ್ರಯೋಗದ ಫಲಿತಾಂಶದಷ್ಟೇ ಅದರ ರೀತಿಯೂ ಗಮನಾರ್ಹ. ಬಿಸಿಲು, ಒಂದು ಹರಳು, ಎಚ್ಚರದ ಕಣ್ಣು ಇಷ್ಟರಿಂದಲೇ ಪ್ರಸಿದ್ಧ ವಿಜ್ಞಾನಿಯೊಬ್ಬರ ಮತವನ್ನು ಪರೀಕ್ಷೆಗೊಳಪಡಿಸುವ ಈ ಕ್ರಮವನ್ನು ರಾಮನ್ ಕೊನೆಯವರೆಗೂ ಬಿಡಲಿಲ್ಲ. ಅದು ಅವರಿಗೆ ಎಲ್ಲಿ ನೆರವಾಯಿತು, ಎಲ್ಲಿ ಸಾಲದಾಯಿತು ಎಂಬುದು ಅವರ ಮುಂದಿನ ಕೆಲಸದಲ್ಲಿ ಕಾಣುತ್ತದೆ.

ಕಲ್ಕತ್ತೆಗೆ ಮರಳಿದ ರಾಮನ್ ಮತ್ತು ಅವರ ಶಿಷ್ಯರು ದ್ರವಗಳಲ್ಲಿ ಬೆಳಕಿನ ಚದುರಿಕೆಯ ಅಧ್ಯಯನಕ್ಕೆ ತೊಡಗಿದರು. 28 ಫೆಬ್ರವರಿ 1928ರಂದು, ಕೆ. ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ, ಚದುರಿದ ಬೆಳಕಿನ ಅಲ್ಪಭಾಗವು ತನ್ನ ತರಂಗಾಂತರವನ್ನೇ ಬದಲಿಸಿಕೊಳ್ಳುತ್ತದೆಂಬುದು ಖಚಿತವಾಯಿತು. ಇದೇ ರಾಮನ್ ಪರಿಣಾಮ. 1929ರಲ್ಲಿ 'ಸರ್' ಪದವಿ, ಮರುವರ್ಷ ನೊಬೆಲ್ ಪಾರಿತೋಷಕ ಬಂದವು. ಈ ಶೋಧನೆಯ ವಿವರಗಳು ಬೇರೆಡೆ ವಿಪುಲವಾಗಿ ದೊರೆಯುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಬೆಂಗಳೂರು ಮತ್ತು ನೀಲಕಂಠದ ಗರಿ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಮರುವರ್ಷ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ನಡಾವಳಿಗಳನ್ನು ನಿಯತಕಾಲಿಕವಾಗಿ ಪ್ರಕಟಿಸಲು ಆರಂಭಿಸಿದರು. ಆ ಪತ್ರಿಕೆಯ ಭೌತವಿಜ್ಞಾನ ವಿಭಾಗದ ಮೊದಲ ಸಂಪುಟದ ಮೊದಲ ಲೇಖನ ರಾಮನ್ ಅವರದೇ. ಅದರ ವಿಷಯ ಪಕ್ಷಿಗಳ ಗರಿಗಳಲ್ಲಿನ ಬಣ್ಣದ ಮೂಲ. ನೊಬೆಲ್ ಪಡೆದ ಭೌತವಿಜ್ಞಾನಿಯೊಬ್ಬರು ತಮ್ಮ ಹೊಸ ಪತ್ರಿಕೆಯನ್ನು ಹಕ್ಕಿಯ ಗರಿಯಿಂದ ಆರಂಭಿಸಿದ್ದು ಅವರ ಮನಸ್ಸು ಆಗ ಎತ್ತ ತಿರುಗಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಅವರು ಪರೀಕ್ಷಿಸಿದ ಮುಖ್ಯ ಹಕ್ಕಿ ನೀಲಕಂಠ. ಈಗ ಇದು ಕರ್ನಾಟಕದ ರಾಜ್ಯಪಕ್ಷಿ. ಹೆಸರು ನೀಲಕಂಠವಾದರೂ ಇದರ ಕಂಠ ನೀಲಿಯಲ್ಲ. ಕೊರಳು ಮತ್ತು ಎದೆ ಕಂದು ಬೆರೆತ ನಸುನೇರಳೆ. ಹೊಲದ ಬದುವಿನಲ್ಲಿ, ತಂತಿಯ ಮೇಲೆ ಕುಳಿತಿರುವಾಗ ಸಾಧಾರಣವಾಗಿ ಕಾಣುವ ಈ ಹಕ್ಕಿ ರೆಕ್ಕೆ ಬಿಚ್ಚಿ ಹಾರಿದಾಗ ಕಡುನೀಲಿ ಮತ್ತು ಹಸಿರು ಬೆರೆತ ತಿಳಿನೀಲಿಯ ಪಟ್ಟಿಗಳು ಒಮ್ಮೆಗೇ ಬೆಳಗುತ್ತವೆ.

ನವಿಲಿನ ಬಣ್ಣದಂತೆ ನೀಲಕಂಠದ ನೀಲಿ ಕೋನಕ್ಕೆ ತಕ್ಕಂತೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಇಂತಹ ನೀಲಿ ಗರಿಗಳಿಗೆ ಬೇರೊಂದು ವಿವರಣೆ ರೂಢಿಯಲ್ಲಿತ್ತು: ಗರಿಯ ಎಳೆಗಳೊಳಗೆ ಗಾಳಿ ತುಂಬಿದ ಅತಿಸೂಕ್ಷ್ಮ ರಂಧ್ರಗಳಿವೆ, ಆಕಾಶವು ನೀಲಿಯಾಗಿ ಕಾಣುವ ಹಾಗೆಯೇ, ಒಂದೊಂದು ರಂಧ್ರವೂ ತನ್ನಷ್ಟಕ್ಕೆ ತಾನು ಬೆಳಕನ್ನು ಚದುರಿಸಿ ನೀಲಿಯನ್ನು ಉಂಟುಮಾಡುತ್ತದೆ. ಟಿಂಡಾಲ್ ಚದುರಿಕೆ ಎಂದು ಕರೆಯಲಾಗುತ್ತಿದ್ದ ಈ ವಿವರಣೆ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಗಟ್ಟಿಯಾಗಿ ನೆಲೆಯೂರಿತ್ತು.

ಚದುರಿಕೆಯ ವಿಷಯದಲ್ಲಿ ಜಗತ್ತಿನಲ್ಲಿಯೇ ಅಗ್ರಗಣ್ಯರಾಗಿದ್ದ ರಾಮನ್ ಅವರು ಈ ವಿವರಣೆಯನ್ನು ಸುಲಭವಾಗಿ ಅನುಮೋದಿಸಬಹುದಿತ್ತು. ಅವರು ಅದನ್ನು ಸಂದೇಹಿಸಿದರು. ಗರಿಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿ, ಕಾಣುವ ಬಣ್ಣದ ಸ್ವರೂಪವು ಸರಳ ಚದುರಿಕೆಯಿಂದ ಬರಬೇಕಾದ ಬಣ್ಣದೊಡನೆ ಹೊಂದುವುದಿಲ್ಲವೆಂದೂ, ಇಲ್ಲಿಯೂ ವ್ಯತಿಕರಣದ ಪಾತ್ರವಿರಬೇಕೆಂದೂ ವಾದಿಸಿದರು. ಚದುರಿಕೆ ಮಾತ್ರವೇ ಕಾರಣವಾದರೆ ತರಂಗಾಂತರ ಕಿರಿದಾದಷ್ಟೂ ಬೆಳಕು ಹೆಚ್ಚುತ್ತ ಹೋಗಬೇಕು. ಒಂದೇ ಹಕ್ಕಿಯ ಗರಿಗಳಲ್ಲಿ ಕಡುನೀಲಿಯೂ ಹಸಿರುನೀಲಿಯೂ ಬೇರೆಬೇರೆಯಾಗಿ ನಿಲ್ಲುವುದನ್ನು ಅದರಿಂದ ವಿವರಿಸುವುದು ಕಷ್ಟ.

ಈ ಲೇಖನಕ್ಕೆ ಆಗ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಟಿಂಡಾಲ್ ಚದುರಿಕೆಯ ವಿವರಣೆಯೇ ಪಠ್ಯಗಳಲ್ಲಿ ದಶಕಗಳ ಕಾಲ ಮುಂದುವರಿಯಿತು. ಅರವತ್ತನಾಲ್ಕು ವರ್ಷಗಳ ನಂತರ, 1998ರಲ್ಲಿ, ಅಮೆರಿಕದ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಕೊಟಿಂಗಾ ಹಕ್ಕಿಯ ನೀಲಿ ಗರಿಯ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳನ್ನು ಗಣಿತೀಯವಾಗಿ ವಿಶ್ಲೇಷಿಸಿದರು. ಸ್ಪಂಜಿನಂತಿರುವ ಕೆರಾಟಿನ್ ಮತ್ತು ಗಾಳಿಯ ಆ ರಚನೆ ನೋಟಕ್ಕೆ ಅಸ್ತವ್ಯಸ್ತವಾಗಿದ್ದರೂ ರಂಧ್ರಗಳ ನಡುವಣ ಅಂತರ ಬಹುಮಟ್ಟಿಗೆ ಸಮನಾಗಿದೆಯೆಂದೂ, ಅವುಗಳಿಂದ ಚದುರಿದ ತರಂಗಗಳು ಒಂದನ್ನೊಂದು ಅವಲಂಬಿಸಿ ಕೂಡುತ್ತವೆಂದೂ ಅವರು ತೋರಿಸಿದರು. ಅಂತರವು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿರುವುದರಿಂದ ಬಣ್ಣವು ಕೋನದೊಂದಿಗೆ ಬದಲಾಗುವುದಿಲ್ಲ. ರಾಮನ್ ಅವರ 1934ರ ಸಂದೇಹ ಸರಿಯಾದ ದಿಕ್ಕಿನದಾಗಿತ್ತೆಂಬುದು ಹೀಗೆ ಸ್ಪಷ್ಟವಾಯಿತು. ಆ ರಚನೆಯನ್ನು ಕಣ್ಣಾರೆ ಕಾಣುವ ಸಾಧನ ಮಾತ್ರ 1934ರಲ್ಲಿ ಅವರಿಗೆ ಲಭ್ಯವಿರಲಿಲ್ಲ.

ಚಿಪ್ಪು ಮತ್ತು ಮುತ್ತು

ಗರಿಗಳ ಬೆನ್ನಿಗೇ, 1934–35ರಲ್ಲಿ, ಕಡಲಚಿಪ್ಪುಗಳನ್ನು ಕುರಿತ ಲೇಖನಮಾಲೆ ಬಂದಿತು. ಮುತ್ತಿನ ಚಿಪ್ಪಿನ ಒಳಮೈ ಸುಣ್ಣದ ಒಂದು ರೂಪವಾದ ಅರಗೊನೈಟ್‌ನ ತೆಳ್ಳನೆಯ ಬಿಲ್ಲೆಗಳಿಂದ ಆದುದು. ಒಂದೊಂದು ಬಿಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರೊಮೀಟರ್, ಎಂದರೆ ಬೆಳಕಿನ ತರಂಗಾಂತರದಷ್ಟೇ. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಬಿಲ್ಲೆಗಳ ನಡುವೆ ಜೈವಿಕ ಪದಾರ್ಥದ ಅತಿ ತೆಳುವಾದ ಲೇಪವಿರುತ್ತದೆ.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1814ರಲ್ಲಿ ವಿಚಿತ್ರವಾದ ಒಂದು ಸಂಗತಿಯನ್ನು ವರದಿ ಮಾಡಿದ್ದನು. ಮುತ್ತಿನ ಚಿಪ್ಪನ್ನು ಮೇಣದ ಮೇಲೆ ಒತ್ತಿ ತೆಗೆದರೆ ಮೇಣದ ಮೇಲೆಯೂ ಬಣ್ಣಗಳು ಕಾಣುತ್ತವೆ. ಬಣ್ಣದ ದ್ರವ್ಯವೇನೂ ಚಿಪ್ಪಿನಿಂದ ಮೇಣಕ್ಕೆ ಹೋಗಿರುವುದಿಲ್ಲ. ಹೋದುದು ಚಿಪ್ಪಿನ ಮೇಲ್ಮೈಯ ಗೀರುಗಳ ಅಚ್ಚು ಮಾತ್ರ. ಪ್ರಕೃತಿಯ ರಚನಾವರ್ಣವನ್ನು ಇನ್ನೊಂದು ವಸ್ತುವಿನಲ್ಲಿ ಮೂಡಿಸಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಮೇಣಕ್ಕೆ ಬಾರದೆ ಚಿಪ್ಪಿನಲ್ಲಿಯೇ ಉಳಿಯುವ ಬಣ್ಣಗಳೂ ಇದ್ದವು.

ರಾಮನ್ ಈ ಗೋಜಲನ್ನು ಬಿಡಿಸಿದರು. ಚಿಪ್ಪಿನಲ್ಲಿ ಕಾಣುವುದು ಒಂದೇ ಬಗೆಯ ಬಣ್ಣವಲ್ಲ. ಒಳಗಿನ ಪದರಗಳಿಂದ ಪ್ರತಿಫಲಿಸಿ ಬರುವ ವ್ಯತಿಕರಣದ ಬಣ್ಣ ಒಂದು. ಪದರಗಳು ಮೇಲ್ಮೈಗೆ ಓರೆಯಾಗಿ ಬಂದು ಅಲ್ಲಿ ಕೊನೆಗೊಳ್ಳುವುದರಿಂದ ಉಂಟಾದ ಸಾಲುಸಾಲು ಅಂಚುಗಳ ವಿವರ್ತನೆಯಿಂದ ಬರುವುದು ಮತ್ತೊಂದು. ಬ್ರೂಸ್ಟರನ ಮೇಣಕ್ಕೆ ಬಂದುದು ಇದೇ. ಬಿಲ್ಲೆಗಳ ರಾಶಿಯೊಳಗೆ ಬೆಳಕು ಚದುರಿ ಹರಡಿದಾಗ ಕಾಣುವ ಮೈಬಣ್ಣ ಮೂರನೆಯದು. ಚಿಪ್ಪನ್ನು ಬೇರೆಬೇರೆ ಕೋನಗಳಲ್ಲಿ ಹಿಡಿದು, ಉಜ್ಜಿ ನಯಗೊಳಿಸಿ, ಬೆಳಕನ್ನು ಅದರ ಮೂಲಕ ಹಾಯಿಸಿ ಈ ಮೂರನ್ನೂ ಅವರು ಬೇರ್ಪಡಿಸಿ ತೋರಿಸಿದರು. ಯಾವ ಜಾತಿಯ ಚಿಪ್ಪಿನಲ್ಲಿ ಯಾವುದು ಪ್ರಧಾನ ಎಂಬುದನ್ನೂ ಪರಿಶೀಲಿಸಿದರು. ಅವರ ಬೆಂಗಳೂರಿನ ಕೆಲಸದಲ್ಲಿ ತೀರ ಅಚ್ಚುಕಟ್ಟಾದ ಭಾಗ ಇದೇ ಎಂದರೆ ತಪ್ಪಾಗಲಾರದು. 1950ರ ದಶಕದಲ್ಲಿ ಡಿ. ಕೃಷ್ಣಮೂರ್ತಿ ಅವರೊಡನೆ ಮುತ್ತುಗಳ ಮೇಲೆ ಮಾಡಿದ ಅಧ್ಯಯನ ಇದರ ಮುಂದುವರಿಕೆ. ಮುತ್ತಿನಲ್ಲಿ ಇದೇ ಪದರಗಳು ಈರುಳ್ಳಿಯ ಸಿಪ್ಪೆಗಳಂತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ.

ಇದೇ ವರ್ಷಗಳಲ್ಲಿ ನಾಗೇಂದ್ರ ನಾಥ್ ಅವರೊಡಗೂಡಿ ರಾಮನ್ ರೂಪಿಸಿದ ಸಿದ್ಧಾಂತವೊಂದು ಮೇಲ್ನೋಟಕ್ಕೆ ಬೇರೆಯ ವಿಷಯವೆನಿಸಿದರೂ ಹತ್ತಿರದ ಸಂಬಂಧಿ. ದ್ರವದೊಳಗೆ ಶ್ರವಣಾತೀತ ಧ್ವನಿತರಂಗಗಳನ್ನು ಹಾಯಿಸಿದರೆ ಅದರಲ್ಲಿ ದಟ್ಟ ಹಾಗೂ ವಿರಳ ಪದರಗಳು ಸಮಾನ ಅಂತರದಲ್ಲಿ ಮೂಡಿ, ಬೆಳಕನ್ನು ವಿವರ್ತಿಸುತ್ತವೆ. ಚಿಪ್ಪು ವರ್ಷಗಟ್ಟಲೆ ಕಟ್ಟಿಕೊಳ್ಳುವ ಪದರರಚನೆಯನ್ನು ಇಲ್ಲಿ ಧ್ವನಿಯು ಕ್ಷಣಮಾತ್ರದಲ್ಲಿ ಉಂಟುಮಾಡುತ್ತದೆ.

ಹೊಸ ಸಂಸ್ಥೆ, ಕಲ್ಲುಗಳು ಮತ್ತು ಒಂದು ರಾಸಾಯನಿಕ

ಆಡಳಿತದ ವಿವಾದಗಳಿಂದಾಗಿ ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಟ್ಟು, ಪ್ರಾಧ್ಯಾಪಕರಾಗಿ 1948ರವರೆಗೆ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದರು. ನಿವೃತ್ತಿಯ ನಂತರ ಅವರು ಸೇರಿದ್ದು ತಾವೇ ಕಟ್ಟಿಸಿದ ರಾಮನ್ ಸಂಶೋಧನಾ ಸಂಸ್ಥೆಯನ್ನು. ಮೈಸೂರು ಸರ್ಕಾರ ಅಕಾಡೆಮಿಗೆ ನೀಡಿದ್ದ ಜಮೀನಿನಲ್ಲಿ, ದೇಣಿಗೆ ಸಂಗ್ರಹಿಸಿ ಇದನ್ನು ನಿರ್ಮಿಸಲಾಗಿತ್ತು. ಸರ್ಕಾರದ ಅನುದಾನಕ್ಕೆ ಕೈಯೊಡ್ಡಲು ಅವರು ಒಪ್ಪುತ್ತಿರಲಿಲ್ಲ. ಹಣವಿಲ್ಲದ ಸಂಸ್ಥೆಯಲ್ಲಿ ದುಬಾರಿ ಉಪಕರಣಗಳಿರಲಿಲ್ಲ. ಆದರೆ ವಜ್ರಗಳು, ಹರಳುಗಳು, ಚಿಪ್ಪುಗಳು, ಚಿಟ್ಟೆಗಳು ಇದ್ದವು. ದೇಶವಿದೇಶಗಳಿಂದ ಅವರು ಸಂಗ್ರಹಿಸಿದ ಈ ವಸ್ತುಗಳೇ ಸಂಶೋಧನೆಗೂ ಸಾಮಗ್ರಿಯಾದವು.

ಎ. ಜಯರಾಮನ್ ಮೊದಲಾದ ಕಿರಿಯ ಸಹೋದ್ಯೋಗಿಗಳೊಂದಿಗೆ 1950ರ ಸುಮಾರಿಗೆ ಅವರು ಫೆಲ್ಡ್‌ಸ್ಪಾರ್ ಜಾತಿಯ ಕಲ್ಲುಗಳನ್ನು ಕೈಗೆತ್ತಿಕೊಂಡರು. ಸಿಂಹಳದ ಚಂದ್ರಕಾಂತ ಶಿಲೆಯ ಬೆಳ್ಳನೆಯ ಮಿನುಗು, ಬೂದುಬಣ್ಣದ ಲ್ಯಾಬ್ರಡೊರೈಟ್ ಕಲ್ಲನ್ನು ತಿರುಗಿಸಿದಾಗ ಹೊಮ್ಮುವ ನೀಲಿ ಮತ್ತು ಚಿನ್ನದ ಬಣ್ಣ ಇವು ಅವರ ವಿಷಯ. ಕಲ್ಲು ತಣಿಯುವಾಗ ಅದರ ಘಟಕಗಳು ಪ್ರತ್ಯೇಕಗೊಂಡು ಕಲ್ಲಿನೊಳಗೆ ಮೂಡುವ ಭಿನ್ನರೂಪತೆಯೇ ಈ ಬಣ್ಣಗಳ ಮೂಲ. ಲ್ಯಾಬ್ರಡೊರೈಟ್‌ನಲ್ಲಿ ಅದು ಒಂದರ ಮೇಲೊಂದು ಕುಳಿತ ತೆಳುಪದರಗಳ ರೂಪದಲ್ಲಿರುತ್ತದೆ.

ಪೊಟ್ಯಾಸಿಯಂ ಕ್ಲೋರೇಟ್‌ನ ಕಥೆ ಇನ್ನೂ ಸ್ವಾರಸ್ಯಕರ. ಇದು ಬೆಂಕಿಕಡ್ಡಿಯ ತಲೆಯಲ್ಲಿ ಬಳಸುವ ರಾಸಾಯನಿಕ. 1943ರಲ್ಲಿ ರಾಮನ್ ತಮ್ಮ ಹಳೆಯ ಶಿಷ್ಯರೊಬ್ಬರ ಜೊತೆಗೂಡಿ ತಿರುವಾಂಕೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆ, ಬೆಂಕಿಪೊಟ್ಟಣದ ಉದ್ಯಮಕ್ಕೆ ಇದನ್ನೇ ತಯಾರಿಸುತ್ತಿತ್ತು. ಈ ಬಿಳಿಯ ಲವಣದ ದ್ರಾವಣದಿಂದ ಹರಳುಗಳನ್ನು ಬೆಳೆಸಿದಾಗ ಕೆಲವು ಹರಳುಗಳು ಮಾತ್ರ ಅಪೂರ್ವವಾದ ಕೆಂಪು, ಹಸಿರು, ನೀಲಿಗಳಿಂದ ಥಳಥಳಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಟೋಕ್ಸ್ ಮತ್ತು ರ‍್ಯಾಲೆ ಇದನ್ನು ಪರೀಕ್ಷಿಸಿ, ಹರಳಿನೊಳಗೆ ಎಡಮಗ್ಗುಲು ಬಲಮಗ್ಗುಲು ಎಂಬಂತೆ ದಿಕ್ಕು ಬದಲಿಸುತ್ತ ಹೋಗುವ ಅವಳಿ ಪದರಗಳೇ ಇದಕ್ಕೆ ಕಾರಣವೆಂದು ಗುರುತಿಸಿದ್ದರು. ರಾಮನ್ ಮತ್ತು ಕೃಷ್ಣಮೂರ್ತಿ ಅವರು 1950ರ ದಶಕದ ಆರಂಭದಲ್ಲಿ ಇದನ್ನು ಮತ್ತೆ ವಿವರವಾಗಿ ಅಭ್ಯಸಿಸಿದರು. ವಸ್ತು ಒಂದೇ, ಬಣ್ಣವಿಲ್ಲದ್ದು. ಪದರಗಳ ನಡುವಿನ ವ್ಯತ್ಯಾಸ ದಿಕ್ಕಿನದು ಮಾತ್ರ. ಆದರೂ ಪದರಗಳು ಸಮಾನ ಅಂತರದಲ್ಲಿದ್ದು ನೂರಾರು ಸಂಖ್ಯೆಯಲ್ಲಿದ್ದರೆ ಪ್ರತಿಫಲಿಸುವ ಬಣ್ಣ ರೋಹಿತದ ಕಿರಿದಾದ ಪಟ್ಟಿಯಷ್ಟು ಶುದ್ಧವಾಗಿರುತ್ತದೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಬೆಳೆದ ಈ ಹರಳುಗಳು ಕೃತಕ ವಸ್ತುವಿನ ರಚನಾವರ್ಣಗಳೇ ಸರಿ.

ಓಪಲ್ ಕಲ್ಲು

ಓಪಲ್‌ನ ವಿಷಯದಲ್ಲಿ ರಾಮನ್ ಅವರ ತೀರ್ಮಾನ ನಿಲ್ಲಲಿಲ್ಲ. ಬೆಲೆಬಾಳುವ ಓಪಲ್ ಕಲ್ಲಿನೊಳಗೆ ಕಿಡಿಗಳಂತೆ ಬೇರೆಬೇರೆ ಬಣ್ಣಗಳು ಚಿಮ್ಮುತ್ತವೆ. ರಾಸಾಯನಿಕವಾಗಿ ಅದು ಮರಳಿನದೇ ಘಟಕವಾದ ಸಿಲಿಕಾ ಮತ್ತು ಸ್ವಲ್ಪ ನೀರು, ಅಷ್ಟೆ. ರಾಮನ್ ಮತ್ತು ಜಯರಾಮನ್ 1953ರಲ್ಲಿ ಇದರ ಬಣ್ಣಕ್ಕೂ ಸ್ಫಟಿಕೀಯ ಸಿಲಿಕಾದ ತೆಳುಪದರಗಳೇ ಕಾರಣವೆಂದು ಪ್ರತಿಪಾದಿಸಿದರು. ಚಿಪ್ಪು, ಲ್ಯಾಬ್ರಡೊರೈಟ್, ಕ್ಲೋರೇಟ್ ಎಲ್ಲವೂ ಪದರಗಳ ಪಾಠವನ್ನೇ ಹೇಳಿದ್ದ ಮೇಲೆ ಇದು ಸಹಜವಾದ ಊಹೆ. ಆದರೆ 1964ರಲ್ಲಿ ಆಸ್ಟ್ರೇಲಿಯದ ಜೆ. ವಿ. ಸ್ಯಾಂಡರ್ಸ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಓಪಲ್‌ನ ಚಿತ್ರ ತೆಗೆದಾಗ ಕಂಡುದು ಬೇರೆ: ಸುಮಾರು 150ರಿಂದ 300 ನ್ಯಾನೊಮೀಟರ್ ವ್ಯಾಸದ ಸಿಲಿಕಾ ಗೋಲಿಗಳು, ಅಂಗಡಿಯಲ್ಲಿ ಕಿತ್ತಳೆ ಹಣ್ಣುಗಳನ್ನು ಪೇರಿಸಿದಂತೆ, ಮೂರೂ ದಿಕ್ಕುಗಳಲ್ಲಿ ಒತ್ತಾಗಿ ಜೋಡಣೆಗೊಂಡಿದ್ದವು. ಕ್ರಮಬದ್ಧ ರಚನೆಯಿಂದ ಬಣ್ಣ ಬರುತ್ತದೆಂಬ ಮೂಲತತ್ತ್ವ ಸರಿಯಾಗಿತ್ತು. ಆ ರಚನೆಯ ಆಕಾರ ಬೇರೆಯಾಗಿತ್ತು. ನೀಲಕಂಠದ ಗರಿಯಲ್ಲಿ ಬೆಳಕಿನ ನಡತೆಯಿಂದಲೇ ರಚನೆಯ ಸುಳಿವು ಹಿಡಿದ ಕ್ರಮವು ಇಲ್ಲಿ ಅವರನ್ನು ಬೇರೆ ದಾರಿಗೆ ಒಯ್ದಿತು. ನೊಬೆಲ್ ನಂತರ ರಾಮನ್ ಅವರ ಸಂಶೋಧನೆ ಸೊರಗಿತೆಂದು ಬರೆಯುವವರು ಗರಿ ಮತ್ತು ಚಿಪ್ಪುಗಳ ಕೆಲಸವನ್ನು ಮರೆಯುತ್ತಾರೆ. ಅವರನ್ನು ಕೊಂಡಾಡುವವರು ಓಪಲ್‌ನ ಪ್ರಸಂಗವನ್ನು ಬಿಟ್ಟುಬಿಡುತ್ತಾರೆ.

ಕೃತಕ ರಚನಾವರ್ಣಗಳು

ಪ್ರಕೃತಿಯ ಈ ಬಣ್ಣಗಳನ್ನು ಅನುಕರಿಸಿ ವಸ್ತುಗಳನ್ನು ತಯಾರಿಸುವುದು ರಾಮನ್ ಅವರ ಗುರಿಯಾಗಿರಲಿಲ್ಲ. ಆ ಕಾರ್ಯ ಬೇರೆಡೆ, ಬೇರೆಯವರಿಂದ ನಡೆಯಿತು. ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ 1891ರಲ್ಲಿಯೇ ಛಾಯಾಚಿತ್ರದ ಫಲಕದೊಳಗೆ ಬೆಳಕಿನ ಸ್ಥಾಯೀ ತರಂಗಗಳಿಂದ ಬೆಳ್ಳಿಯ ಪದರಗಳನ್ನು ಮೂಡಿಸಿ, ಯಾವುದೇ ವರ್ಣದ್ರವ್ಯವಿಲ್ಲದೆ ವರ್ಣಚಿತ್ರವನ್ನು ಪಡೆದಿದ್ದರು. 1908ರ ನೊಬೆಲ್ ಅವರಿಗೆ ಸಂದದ್ದು ಇದಕ್ಕಾಗಿ. ಅಭ್ರಕದ ಚೂರುಗಳಿಗೆ ಟೈಟಾನಿಯಂ ಡೈಆಕ್ಸೈಡ್‌ನ ತೆಳುಲೇಪ ಕೊಟ್ಟು ಮುತ್ತಿನ ಹೊಳಪಿನ ಬಣ್ಣಗಳನ್ನು ತಯಾರಿಸುವ ವಿಧಾನ 1960ರ ದಶಕದಲ್ಲಿ ಬಂದು, ಈಗ ಕಾರುಗಳ ಬಣ್ಣದಲ್ಲಿಯೂ ಪ್ರಸಾಧನ ಸಾಮಗ್ರಿಗಳಲ್ಲಿಯೂ ಸಾಮಾನ್ಯವಾಗಿದೆ. ಸ್ಯಾಂಡರ್ಸ್ ತೋರಿಸಿದ ಗೋಲಿಗಳ ಜೋಡಣೆಯನ್ನು ಅನುಸರಿಸಿ ಪಿಯರ್ ಗಿಲ್ಸನ್ ಅವರು 1970ರ ದಶಕದಲ್ಲಿ ಕೃತಕ ಓಪಲ್ ಕಲ್ಲುಗಳನ್ನು ಮಾರುಕಟ್ಟೆಗೆ ತಂದರು. ಜಪಾನಿನಲ್ಲಿ ಮಾರ್ಫೋ ಚಿಟ್ಟೆಯ ರೆಕ್ಕೆಯನ್ನು ಮಾದರಿಯಾಗಿಟ್ಟುಕೊಂಡು, ಪಾಲಿಯೆಸ್ಟರ್ ಮತ್ತು ನೈಲಾನ್ ಪದರಗಳನ್ನು ಒಂದರ ಮೇಲೊಂದು ಕೂಡಿಸಿ, ಬಣ್ಣ ಹಾಕದೆಯೇ ನೀಲಿಯಾಗಿ ಕಾಣುವ ನೂಲನ್ನು ತಯಾರಿಸಲಾಯಿತು. 1987ರಲ್ಲಿ ಯಾಬ್ಲೊನೊವಿಚ್ ಮತ್ತು ಭಾರತದಲ್ಲಿ ಜನಿಸಿದ ಸಜೀವ್ ಜಾನ್ ಅವರು ಬೇರೆಬೇರೆಯಾಗಿ ಮಂಡಿಸಿದ ವಿಚಾರಗಳಿಂದ ಇಂತಹ ಕ್ರಮಬದ್ಧ ರಚನೆಗಳಿಗೆ 'ಫೋಟಾನಿಕ್ ಸ್ಫಟಿಕ' ಎಂಬ ಹೆಸರು ನೆಲೆಗೊಂಡಿತು.

ಓರೆಮಾಡಿದಾಗ ಬಣ್ಣ ಬದಲಿಸುವ ಗುಣಕ್ಕೆ ವ್ಯಾವಹಾರಿಕ ಬೆಲೆಯೂ ಇದೆ. ನೆರಳಚ್ಚು ಯಂತ್ರವು ಒಂದು ಕೋನದ ಬಣ್ಣವನ್ನು ಮಾತ್ರ ಹಿಡಿಯಬಲ್ಲದಾದ್ದರಿಂದ ಖೋಟಾ ನೋಟನ್ನು ತಡೆಯಲು ಇದು ಉಪಯುಕ್ತ. ಈಗಿನ 500 ರೂಪಾಯಿಯ ನೋಟಿನ ಭದ್ರತಾ ಎಳೆ ಓರೆಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುವುದನ್ನು ಯಾರಾದರೂ ನೋಡಬಹುದು.

ಕೊನೆಯ ವರ್ಷಗಳು

1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪಾರಿತೋಷಕ ರಾಮನ್ ಅವರಿಗೆ ಸಂದವು. 1960ರ ದಶಕದಲ್ಲಿ ಅವರ ಆಸಕ್ತಿ ಬಣ್ಣದ ವಸ್ತುವಿನಿಂದ ಅದನ್ನು ಕಾಣುವ ಕಣ್ಣಿನ ಕಡೆಗೆ ಹೊರಳಿತು. ಹೂಗಳ ಬಣ್ಣಗಳನ್ನು ರೋಹಿತದರ್ಶಕದಿಂದ ಪರೀಕ್ಷಿಸಿದರು. ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಗ್ರಂಥವನ್ನು 1968ರಲ್ಲಿ ಪ್ರಕಟಿಸಿದರು. ಮೂರು ಮೂಲವರ್ಣಗಳ ಗ್ರಾಹಕಗಳಿಂದ ವರ್ಣದೃಷ್ಟಿ ಉಂಟಾಗುತ್ತದೆಂಬ ಸಿದ್ಧಾಂತವನ್ನು ಅವರು ನಿರಾಕರಿಸಿದ್ದರು. ಈ ನಿಲುವನ್ನು ಕ್ಷೇತ್ರದ ತಜ್ಞರು ಅಂಗೀಕರಿಸಲಿಲ್ಲ. ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿರುವುದು ಅಷ್ಟರಲ್ಲಿಯೇ ಪ್ರಯೋಗಗಳಿಂದ ದೃಢಪಟ್ಟಿತ್ತು.

ಪ್ರತಿ ವರ್ಷ ಅಕ್ಟೋಬರ್ 2ರಂದು ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ನೀಡುವುದನ್ನು ಅವರು ವ್ರತದಂತೆ ಪಾಲಿಸುತ್ತಿದ್ದರು. 1970ರ ಉಪನ್ಯಾಸವೇ ಕೊನೆಯದಾಯಿತು. ಅದಾಗಿ ಕೆಲವೇ ವಾರಗಳಲ್ಲಿ, 21 ನವೆಂಬರ್ 1970ರಂದು, ಬೆಂಗಳೂರಿನಲ್ಲಿ ಎಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಸಂಸ್ಥೆಯ ಆವರಣದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಸಮಾಧಿಯನ್ನು ಕಟ್ಟದೆ ಒಂದು ಮರವನ್ನು ನೆಡಲಾಗಿದೆ. ಅವರು ಸಂಗ್ರಹಿಸಿದ ಚಿಪ್ಪುಗಳು, ಚಿಟ್ಟೆ ಮತ್ತು ಜೀರುಂಡೆಗಳು, ಹಕ್ಕಿಗಳು, ಹರಳುಗಳು ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿವೆ. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಖನಿಜಗಳಿಗೆಂದು ಅಲ್ಲಿ ಪ್ರತ್ಯೇಕವಾದ ಕತ್ತಲೆಯ ಕೊಠಡಿಯೂ ಇದೆ.